ಅಪ್ಪ ಕಿವಿಯಲ್ಲಿ ಹೇಳಿದ್ದು

ಸಿರುಗುಪ್ಪದ ಸುಂಕಣ್ಣ ಮೂವತ್ತೊಂದು ವರ್ಷ ಕೋರ್ಟಿನ ಅಮೀನನಾಗಿ ಸಮನ್ಸು, ಜಪ್ತಿ ವಾರಂಟು ಹಂಚಿದ ಮನುಷ್ಯ. ಅವನ ಸೈಕಲ್ಲು ಊರ ಅಗಸೆ ಬಾಗಿಲು ದಾಟಿತೆಂದರೆ ಕಟ್ಟೆಯ ಮೇಲೆ ಕೂತವರು ಧೋತರ ಕೊಡವಿಕೊಂಡು ಎದ್ದು ಒಳಗೆ ಹೋಗುತ್ತಿದ್ದರು. ಬಾಗಿಲಿಗೆ ಒಬ್ಬಳು ಮುದುಕಿ ಬಂದು, ಯಜಮಾನರು ಊರಲ್ಲಿಲ್ಲ ಎನ್ನುತ್ತಿದ್ದಳು. ಯಜಮಾನರು ಜೋಳ ತುಂಬಿಡುವ ವಾಡೆಯ ಹಿಂದೆ ಉಸಿರು ಹಿಡಿದು ನಿಂತಿರುತ್ತಿದ್ದರು. ಹೀಗೆ ಮೂವತ್ತೊಂದು ವರ್ಷ 'ಇಲ್ಲ' ಎಂದರೆ 'ಇದೆ' ಎಂದು ತಿಳಿದು ಬದುಕಿದವನಿಗೆ ಪಿಂಚಣಿ ಬಂದ ಮೇಲೂ ಆ ಚಟ ಬಿಡಲಿಲ್ಲ. ಹೆಂಡತಿ ಹಂಪಕ್ಕ ಬದನೆಕಾಯಿ ಪಲ್ಯಕ್ಕೆ ಒಂದು ದಿನ ಒಂದಿಷ್ಟು ಎಣ್ಣೆ ಹೆಚ್ಚು ಹಾಕಿದರೆ ಸಾಕು, ಇವಳಿಗೆ ಏನೋ ಬೇಕಾಗಿದೆ ಎಂದು ಊಟ ಮುಗಿಯುವ ತನಕ ಅವಳ ಮುಖವನ್ನೇ ನೋಡುವನು. ಅವನು ಸುಮ್ಮನೆ ಉಂಡು ಏಳಲಿ ಎಂಬುದನ್ನು ಬಿಟ್ಟು ಆಕೆಗೆ ಇನ್ನೇನೂ ಬೇಕಿರಲಿಲ್ಲ, ಪಾಪ.

ಅಂಥವನನ್ನು ಕಂಡು ಸಂತೋಷದಿಂದ ಬಾಗಿಲು ತೆಗೆಯುವ ಮನೆ ಈ ಸೀಮೆಯಲ್ಲಿ ಒಂದೇ ಒಂದಿತ್ತು. ಅದು ಕುರುಗೋಡಿನಲ್ಲಿದ್ದ ಅವನ ತಂಗಿ ಗಂಗಕ್ಕನ ಮನೆ. ಗಂಡ ಸತ್ತು, ಮಕ್ಕಳಿಲ್ಲದೆ, ಶೇಂಗಾ ಸುಲಿದು, ಚಟ್ನಿಪುಡಿ ಕುಟ್ಟಿ ಬದುಕುತ್ತಿದ್ದ ಹೆಂಗಸು. ಅಣ್ಣ ಬಸ್ಸಿಳಿದನೆಂದು ಯಾರಾದರೂ ಹೇಳಿದರೆ ಕೈಯಲ್ಲಿದ್ದ ಒನಕೆಯನ್ನು ಅಲ್ಲೇ ಬಿಟ್ಟು ಓಣಿಯ ತುದಿಯ ತನಕ ಬರುವಳು. ನಮ್ಮಣ್ಣ ವರ್ಷಾ ವರ್ಷಾ ದೇಶನೂರಿನ ಅಕ್ಕಿ ಕಳಿಸುತ್ತಾನೆ, ಇಂಥ ಅಣ್ಣ ಯಾರಿಗಿದ್ದಾನೆ ಎಂದು ಓಣಿಯ ಹೆಂಗಸರ ಕಿವಿ ತೂತು ಬೀಳುವ ಹಾಗೆ ಹೇಳಿಕೊಂಡಿದ್ದಳು. ಲೋಕವೆಲ್ಲ ಅಮೀನ ಎನ್ನುವಾಗ ಅವಳೊಬ್ಬಳು ಅಣ್ಣಾ ಎನ್ನುತ್ತಿದ್ದಳು. ಆ ಒಂದು ಕರೆಗಾಗಿ ಸುಂಕಣ್ಣ ತಿಂಗಳಿಗೊಮ್ಮೆ ಬಳ್ಳಾರಿಯಲ್ಲಿ ಬಸ್ಸು ಬದಲಿಸಿ ಅಷ್ಟು ದೂರ ಹೋಗುತ್ತಿದ್ದ.

ಆ ಅಕ್ಕಿಯ ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎನ್ನಬೇಡಿ. ಅವರಪ್ಪ ಗಾದೆಪ್ಪ ದೇಶನೂರು ಕಾಲುವೆಯ ಕೆಳಗಿನ ನಾಲ್ಕು ಎಕರೆ ಗದ್ದೆಯನ್ನು ಮಗಳ ಅರಿಶಿನ-ಕುಂಕುಮಕ್ಕೆಂದು ಬರೆದಿಟ್ಟು, ಅವಳಿಗೆ ಹೇಳುವ ಮೊದಲೇ ಕಣ್ಣು ಮುಚ್ಚಿದ್ದ. ಕೊಟ್ಟ ಮನೆಯಲ್ಲಿ ಯಾರ ಮುಂದೂ ಕೈಚಾಚದಿರಲಿ ಎಂದು ಹೆಣ್ಣುಮಗಳಿಗೆ ಹಾಗೆ ಒಂದು ತುಂಡು ನೆಲ ಬಿಡುವುದು ಹಳೆಯ ಪದ್ಧತಿ. ಕಾಗದ ಸುಂಕಣ್ಣನ ಕೈಗೆ ಸಿಕ್ಕಿತು. ಹೇಳಬೇಕು, ಹೇಳಬೇಕು ಎನ್ನುವಷ್ಟರಲ್ಲಿ ಗಂಗಕ್ಕನ ಗಂಡನೂ ತೀರಿಕೊಂಡ. ಕುಂಕುಮ ಅಳಿಸಿಕೊಂಡವಳಿಗೆ ಕುಂಕುಮದ ಹೊಲ ಯಾಕೆ ಎಂದು ಸುಂಕಣ್ಣನ ಹೊಟ್ಟೆಯೊಳಗಿನ ವಕೀಲ ವಾದ ಹೂಡಿದ. ಎದುರು ವಕೀಲ ಇರಲಿಲ್ಲ, ಗೆದ್ದ.

ಅದು ಯುದ್ಧದ ಕಾಲ. ಸಕ್ಕರೆಗೂ ಕಾರ್ಡು, ಸೀಮೆಎಣ್ಣೆಗೂ ಕಾರ್ಡು. ಕಾರ್ಡು ಮಾಡಿಸಿಕೊಡುತ್ತೇನೆಂದು ತಂಗಿಯನ್ನು ಸಿರುಗುಪ್ಪಕ್ಕೆ ಕರೆಸಿ, ದಸ್ತಾವೇಜು ಬರೆಯುವ ಎರ್ರಣ್ಣನಿಂದ ಹಕ್ಕುಬಿಡುಗಡೆಯ ಪತ್ರ ಬರೆಸಿ, ಅವಳ ಹೆಬ್ಬೆಟ್ಟು ಒತ್ತಿಸಿದ. ನೋಂದಣಿ ಕಚೇರಿಯಲ್ಲಿ ಒಪ್ಪಿಗೆಯೇನಮ್ಮಾ ಎಂದು ಕೇಳಿದರು. ಸೀಮೆಎಣ್ಣೆಗೆ ಯಾರು ಒಲ್ಲೆ ಎನ್ನುತ್ತಾರೆ? ಒಪ್ಪಿಗೆ ಎಂದಳು. ಅಂದಿನಿಂದ ಆ ಗದ್ದೆಯ ಭತ್ತವೆಲ್ಲ ಸುಂಕಣ್ಣನ ಮನೆಗೆ ಬಂತು. ಅದರಲ್ಲೇ ಎರಡು ಚೀಲ ಅಕ್ಕಿ ಪ್ರತಿ ವರ್ಷ ಅಣ್ಣನ ಉಡುಗೊರೆಯಾಗಿ ಕುರುಗೋಡಿಗೆ ಹೋಗುತ್ತಿತ್ತು. ಏಳು ವರ್ಷ ಇದರ ಸುಳಿವು ಯಾರಿಗೂ ಇರಲಿಲ್ಲ, ಹಂಪಕ್ಕನಿಗೂ ಇರಲಿಲ್ಲ.

ಆಮೇಲೆ ಆ ದರಿದ್ರ ಪುಸ್ತಕ ಬಂತು.

ಅದು ಮೊದಲ ಚುನಾವಣೆಯ ಗದ್ದಲದ ಚಳಿಗಾಲ. ಗೋಡೆ ಗೋಡೆಯ ಮೇಲೆ ಎತ್ತು, ಗುಡಿಸಲುಗಳ ಚಿತ್ರ. ಸಿರುಗುಪ್ಪದ ಸಾಲೆಯೊಂದರ ಹೆಡ್‌ಮಾಸ್ತರ ಅಯ್ಯಣ್ಣ ಬಳ್ಳಾರಿಯ ವಾಚನಾಲಯದಿಂದ ಆರುನೂರ ಎಂಬತ್ತು ಪುಟಗಳ ಒಂದು ಕಾದಂಬರಿ ತಂದಿದ್ದ. ಹೆಸರು 'ದೊಡ್ಡ ಹಜಾರ'. ದಕ್ಷಿಣದ ಕಡೆ, ಕಾವೇರಿ ಸೀಮೆಯಲ್ಲಿ ಬಾಳಿದ ಒಂದು ಮನೆತನದ ಐದು ತಲೆಮಾರಿನ ಕತೆ. ಹಜಾರ ಎಂದರೇನೆಂದು ಸಿರುಗುಪ್ಪದ ಮಂದಿಗೆ ಗೊತ್ತಿರಲಿಲ್ಲ. ನಮ್ಮ ಪಡಸಾಲಿಯೇ ಎಂದು ಅಯ್ಯಣ್ಣ ಬಿಡಿಸಿ ಹೇಳಿದ ಮೇಲೆ, ಒಂದು ಪಡಸಾಲಿಯ ಬಗ್ಗೆ ಇಷ್ಟು ಬರೆದಿದ್ದಾನಲ್ಲ, ಅಡುಗೆಮನೆಯ ಬಗ್ಗೆ ಶುರುಮಾಡಿದರೆ ಗತಿಯೇನು ಎಂದು ಬೆರಗಾದರು. ಬರೆದವರು ಯಾರು ಎಂಬುದೂ ತಿಳಿಯದು, ಏಕೆಂದರೆ ಮೊದಲ ಹಾಳೆ ಹರಿದುಹೋಗಿತ್ತು.

ಆದರೂ ಓದಿದರು. ಓದಲು ಬಾರದವರು ಸಾಲೆಯ ಕಟ್ಟೆಯ ಮೇಲೆ ಕೂತು ಅಯ್ಯಣ್ಣನ ಬಾಯಿಂದ ಕೇಳಿದರು. ಜಗಳ ಶುರುವಾದದ್ದು ನಲವತ್ತೊಂದನೆಯ ಅಧ್ಯಾಯಕ್ಕೆ. ಅದರಲ್ಲಿ ಮನೆಯ ಯಜಮಾನ ಸಾಯುತ್ತಾ ಮಲಗಿದ್ದಾನೆ. ಹಿರಿಯ ಮಗ ಪುಟ್ಟಸ್ವಾಮಿಯನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳುತ್ತಾನೆ. ಮಗಳು ಚೆನ್ನಾಜಿ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಅವಳಿಗೆ ಕೇಳಿಸುವುದಿಲ್ಲ. ಅಪ್ಪ ಸಾಯುತ್ತಾನೆ. ತಿಥಿ ಮುಗಿದ ಮರುದಿನ ಪುಟ್ಟಸ್ವಾಮಿ ತಂಗಿಯನ್ನು ಗಾಡಿ ಹತ್ತಿಸಿ ಗಂಡನ ಊರಿಗೆ ಕಳಿಸುತ್ತಾನೆ. ಅಪ್ಪ ಏನು ಹೇಳಿದ ಎಂಬುದು ಆಮೇಲಿನ ಮುನ್ನೂರು ಪುಟಗಳಲ್ಲಿ ಎಲ್ಲೂ ಬರುವುದಿಲ್ಲ. ಇದೆಂಥ ಬರವಣಿಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ!

ಲೇಖಕ ಬಿಟ್ಟ ಜಾಗ ಕಂಡರೆ ಓದುಗರು ಬಿಡುತ್ತಾರೆಯೇ? ಅವರವರ ಮೂಗಿನ ನೇರಕ್ಕೆ ತುಂಬಿದರು. ತಂಬಾಕಿನ ಅಂಗಡಿಯ ಗಾಳೆಪ್ಪ, ಮುದುಕನಿಗೆ ಇನ್ನೊಂದು ಸಂಸಾರ ಇತ್ತು, ಅದನ್ನೇ ಹೇಳಿದ್ದು ಎಂದ. ಅವನಿಗೆ ಇದ್ದದ್ದರಿಂದ ಹಾಗೆ ತೋಚಿತು ಎಂದು ಜನ ನಕ್ಕರು. ನಾಲಿಗೆ ಬಿದ್ದುಹೋದ ಮುದುಕ ಏನು ಹೇಳಿಯಾನು, ಬರೀ ಗೊರಗೊರ ಅಂದಿರುತ್ತಾನೆ, ಪಾಪದ ಪುಟ್ಟಸ್ವಾಮಿಗೇ ತಿಳಿದಿಲ್ಲ ಎಂದ ಇನ್ನೊಬ್ಬ. ಅಯ್ಯಣ್ಣ ಕನ್ನಡಕ ತೆಗೆದು ಶಲ್ಯದ ಅಂಚಿನಿಂದ ಒರೆಸುತ್ತಾ, ಅದರಲ್ಲಿ ಒಗಟೇನಿದೆ, ಅಪ್ಪ ಮಗಳಿಗೆ ಏನೋ ಬಿಟ್ಟಿದ್ದ, ಅಣ್ಣ ನುಂಗಿದ, ಅಷ್ಟೇ ಎಂದ. ಕನ್ನಡಕ ಹಾಕಿಕೊಂಡು ಎದುರಿಗೆ ನೋಡಿದ. ಎದುರಿಗೆ ಸುಂಕಣ್ಣ ಕೂತಿದ್ದ.

ಸುಂಕಣ್ಣ ಥಟ್ಟನೆ ತಲೆ ತಗ್ಗಿಸಿದ. ಇಷ್ಟು ಮಂದಿಯಲ್ಲಿ ಇವನು ನನ್ನ ಕಡೆಗೇ ಯಾಕೆ ನೋಡಿದ? ಕನ್ನಡಕ ಒರೆಸಿದವನು ಎದುರಿಗಿದ್ದುದನ್ನು ನೋಡದೆ ಬೆನ್ನ ಹಿಂದೆ ನೋಡುತ್ತಾನೆಯೇ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ಮರುದಿನವೇ ಅಯ್ಯಣ್ಣನ ಮನೆಗೆ ಹೋಗಿ ಪುಸ್ತಕ ಕೇಳಿದ. ಅಮೀನರಿಗೂ ಕಾದಂಬರಿಯ ಹುಚ್ಚು ಹಿಡಿಯಿತೇ ಎಂದು ಅಯ್ಯಣ್ಣ ನಗುತ್ತಾ ಕೊಟ್ಟ. ನಕ್ಕದ್ದು ಯಾಕೆ ಎಂದು ಸುಂಕಣ್ಣ ದಾರಿಯುದ್ದಕ್ಕೂ ಯೋಚಿಸಿದ.

ಜೀವಮಾನದಲ್ಲಿ ಸಮನ್ಸು, ಪಂಚನಾಮೆ ಬಿಟ್ಟು ಬೇರೇನೂ ಓದದ ಮನುಷ್ಯ ಒಂಬತ್ತು ದಿನದಲ್ಲಿ ಆರುನೂರ ಎಂಬತ್ತು ಪುಟ ಓದಿದ. ಓದಿದ ಎನ್ನುವುದಕ್ಕಿಂತ ಜಪ್ತಿಗೆ ಹೋದ ಮನೆಯನ್ನು ತಡಕಾಡುವಂತೆ ತಡಕಾಡಿದ. ಪುಟ್ಟಸ್ವಾಮಿಗೆ ಮೀಸೆ ಇದೆ, ನನಗೂ ಇದೆ. ಪುಟ್ಟಸ್ವಾಮಿ ಹಲ್ಲು ಕಡಿಯುತ್ತಾನೆ, ನಾನೂ ಕಡಿಯುತ್ತೇನೆ ಎಂದು ಹಂಪಕ್ಕ ಹೇಳುತ್ತಾಳೆ. ಈ ಕಾದಂಬರಿಯಲ್ಲಿ ಪುಟ್ಟಸ್ವಾಮಿಗೆ ಹನ್ನೊಂದು ಮಕ್ಕಳು, ಎರಡು ತೆಂಗಿನ ತೋಟ, ಒಂದು ಕುದುರೆ ಇದ್ದವು. ತನಗೆ ಇಲ್ಲ. ಅದು ಗುರುತು ಸಿಗದಿರಲೆಂದು ಬೇಕೆಂದೇ ಸೇರಿಸಿದ್ದು ಎಂದು ತೀರ್ಮಾನಿಸಿದ. ನಲವತ್ತೊಂದನೆಯ ಅಧ್ಯಾಯವನ್ನು ಮೂರು ಸಲ ಓದಿದ. ಮೂರನೆಯ ಸಲ ಕಣ್ಣಲ್ಲಿ ನೀರು ಬಂತು. ತನಗಾಗಿ ಬಂತೋ ತಂಗಿಗಾಗಿ ಬಂತೋ ಅವನಿಗೇ ತಿಳಿಯಲಿಲ್ಲ.

ಕೊನೆಯಲ್ಲಿ ಇನ್ನೊಂದು ಇತ್ತು. ಆ ವಾಚನಾಲಯದವರು ಪುಸ್ತಕಕ್ಕೆ ರಟ್ಟು ಕಟ್ಟಿಸುವಾಗ ಹಿಂದೆ ಎಂಟು ಖಾಲಿ ಹಾಳೆ ಸೇರಿಸುತ್ತಿದ್ದರು, ಓದಿದವರು ತಮ್ಮ ಅಭಿಪ್ರಾಯ ಬರೆಯಲೆಂದು. ಎಂಟೂ ತುಂಬಿಹೋಗಿದ್ದವು. 'ಇದನ್ನು ಓದದವನು ಮನುಷ್ಯನೇ ಅಲ್ಲ' ಎಂದು ಒಬ್ಬ ಬರೆದಿದ್ದರೆ ಅದರ ಕೆಳಗೇ ಇನ್ನೊಬ್ಬ, 'ಓದಿ ಮುಗಿಸುವಷ್ಟರಲ್ಲಿ ಮುದುಕನಾಗುತ್ತಾನೆ' ಎಂದಿದ್ದ. 'ಪುಟ್ಟಸ್ವಾಮಿ ದೇವರಂಥವನು, ಅಪ್ಪನ ಮಾನ ಕಾಯ್ದ', 'ದಕ್ಷಿಣದವರು ಕಾಫಿ ಕುಡಿಯುವುದಕ್ಕೇ ನೂರು ಪುಟ ಹೋಗಿದೆ', 'ಚೆನ್ನಾಜಿ ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಪುಸ್ತಕ ಅರ್ಧಕ್ಕೆ ಮುಗಿಯುತ್ತಿತ್ತು'. ಏಳನೆಯ ಹಾಳೆಯ ತಳದಲ್ಲಿ, ಹೆಸರಿಲ್ಲದೆ, ಹಸಿರು ಶಾಯಿಯಲ್ಲಿ ಒಂದು ಸಾಲು ಇತ್ತು: 'ಇಂಥ ಅಣ್ಣಂದಿರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಹಾಯಾಗಿ ಅನ್ನ ಉಣ್ಣುತ್ತಿದ್ದಾರೆ.'

ಸುಂಕಣ್ಣ ಆ ಸಾಲನ್ನು ಮತ್ತೆ ಮತ್ತೆ ಓದಿದ. ಜಿಲ್ಲೆಯಲ್ಲಿ ಅಣ್ಣಂದಿರು ಸಾವಿರಾರು ಮಂದಿ. ಜೋಳದ ನಾಡಿನಲ್ಲಿ ಅನ್ನ ಉಣ್ಣುವವನು ಎಂದರೆ ಯಾರು? ಕಾಲುವೆಯ ಗದ್ದೆ ಉಳ್ಳವನು. ಇದನ್ನು ಬರೆದವನಿಗೆ ಗದ್ದೆಯ ವಿಷಯ ಗೊತ್ತು. ಗದ್ದೆಯ ವಿಷಯ ತನ್ನನ್ನು ಬಿಟ್ಟು ಗೊತ್ತಿರುವವನು ಪ್ರಪಂಚದಲ್ಲಿ ಒಬ್ಬನೇ, ಪತ್ರ ಬರೆದ ಎರ್ರಣ್ಣ. ಅವನು ಈಗ ಸಿರುಗುಪ್ಪ ಬಿಟ್ಟು ಬಳ್ಳಾರಿಯಲ್ಲಿ ಮೇಜು ಹಾಕಿಕೊಂಡಿದ್ದಾನೆ, ಅದೂ ಆ ವಾಚನಾಲಯದ ಬೀದಿಯಲ್ಲಿ. ಎಲ್ಲ ತಾಳೆಯಾಯಿತು. ಇವತ್ತು ಹಾಳೆಯ ಮೇಲೆ ಬರೆದವನು ನಾಳೆ ಗಂಗಕ್ಕನ ಮುಂದೆ ಬಾಯಿಬಿಡುವುದಿಲ್ಲ ಎಂದು ಏನು ಖಾತ್ರಿ? ಗಾದೆಯ ಕುಂಬಳಕಾಯಿ ಕಳ್ಳ ಹೆಗಲನ್ನಷ್ಟೇ ಮುಟ್ಟಿ ನೋಡಿಕೊಂಡ. ನಮ್ಮ ಸುಂಕಣ್ಣ ಮರುದಿನ ಮೊದಲ ಬಸ್ಸು ಹತ್ತಿ ಬಳ್ಳಾರಿಗೆ ಹೋದ.

ಅಂದು ಭಾನುವಾರ. ಆದರೂ ಎರ್ರಣ್ಣ ಬೇವಿನ ಮರದ ಕೆಳಗೆ, ತಗಡಿನ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ. ಸುಂಕಣ್ಣ ಕುಶಲ ಕೇಳಲಿಲ್ಲ. ಸಾಕ್ಷಿಯನ್ನು ಕೇಳುವ ಹಾಗೆ ಕೇಳಲು ಶುರುಮಾಡಿದ. ಯಾವ ಶಾಯಿ ಬಳಸುತ್ತೀ? ಕಪ್ಪು. ಹಸಿರು ಇಟ್ಟಿಲ್ಲವೇ? ಇಲ್ಲ. ಇಲ್ಲ ಎಂದ ಕೂಡಲೇ ಸುಂಕಣ್ಣನಿಗೆ ಇದೆ ಎಂದು ಖಾತ್ರಿಯಾಯಿತು. ಪೆಟ್ಟಿಗೆ ತೆಗೆಸಿ ನೋಡಿದ, ಇರಲಿಲ್ಲ. ಬಚ್ಚಿಟ್ಟಿದ್ದಾನೆ ಎಂದುಕೊಂಡ. 'ದೊಡ್ಡ ಹಜಾರ' ಓದಿದ್ದೀಯಾ ಎಂದು ಕೇಳಿದ. ಎರ್ರಣ್ಣ ತನ್ನ ಎರಡೂ ಕಣ್ಣಿನ ಪೊರೆಯನ್ನು ತೋರಿಸಿ, ತಾನು ಬರೆದದ್ದನ್ನೇ ತಾನು ಓದಲಾರದೆ ಕಕ್ಷಿದಾರರ ಕೈಲಿ ಓದಿಸುತ್ತೇನೆ, ಇನ್ನು ಕಾದಂಬರಿಯೇ ಎಂದು ಕೆಮ್ಮಿಕೊಂಡು ನಕ್ಕ.

ಅಷ್ಟಕ್ಕೆ ಎದ್ದು ಬಂದಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಸುಂಕಣ್ಣನಿಗೆ ಅಷ್ಟು ಸಾಲಲಿಲ್ಲ. ದೇಶನೂರಿನ ಗದ್ದೆಯ ಮಾತನ್ನು ಯಾರ ಮುಂದಾದರೂ ಆಡಿದ್ದೀಯಾ, ನನ್ನ ತಂಗಿಯ ಹೆಬ್ಬೆಟ್ಟಿನ ಮಾತನ್ನು ಎಲ್ಲಿಯಾದರೂ ಬಿಟ್ಟಿದ್ದೀಯಾ, ದೇವರ ಮೇಲೆ ಆಣೆ ಮಾಡು ಎಂದು ಹಿಡಿದುಕೊಂಡ. ಎರ್ರಣ್ಣ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ.

"ಲೇ ಸುಂಕಣ್ಣಾ, ನಾ ಬರ್ದ ಕಾಗದ ಒಟ್ಟಿದ್ರ ಈ ಬಳ್ಳಾರಿ ಗುಡ್ಡದಷ್ಟು ಆಕ್ಕಾವ. ಯಾವ ಹೆಬ್ಬೆಟ್ಟು ಯಾರದು ಅಂತ ನೆನಪಿಟ್ಟಿದ್ರ ನನಗ ಎಂದೋ ಹುಚ್ಚು ಹಿಡೀತಿತ್ತು. ನಿಂದು ನಾ ಮರತೇ ಬಿಟ್ಟಿದ್ದೆ. ನೀ ಬಂದು ಕೇಳಿದಿ ನೋಡು, ಈಗ ನೆನಪಾತು. ಸೀಮೆಎಣ್ಣಿ ಕಾರ್ಡು, ಅಲ್ಲೇನು?"

ಸುಂಕಣ್ಣ ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದ. ಎರ್ರಣ್ಣ ಹೊಸ ಬೀಡಿ ಹಚ್ಚುತ್ತಾ, ಸುಮ್ಮನೆ ಮಾತಿಗೆಂದು, ಆ ದಪ್ಪ ಪುಸ್ತಕದ ಸುದ್ದಿಯನ್ನು ತಾನೂ ಕೇಳಿದ್ದೇನೆ ಎಂದ. ವಾಚನಾಲಯದವರು ಅದರ ಎರಡು ಪ್ರತಿ ತರಿಸಿದ್ದರಂತೆ. ಇನ್ನೊಂದನ್ನು ಕುರುಗೋಡಿನ ಹೆಣ್ಣುಮಕ್ಕಳ ಸಾಲೆಯ ಟೀಚರಮ್ಮ ವಿರೂಪಮ್ಮ ಹೋದ ತಿಂಗಳು ಒಯ್ದಳು. ಬಸ್ಸಿಗೆ ಕಾಯುತ್ತಾ ಇದೇ ಮರದ ಕೆಳಗೆ ಕೂತಿದ್ದಳು. ಓಣಿಯಲ್ಲಿ ಶೇಂಗಾ ಸುಲಿಯುವ ಹೆಂಗಸರಿಗೆ ದಿನಾ ಸಂಜೆ ಓದಿ ಹೇಳುತ್ತಾಳಂತೆ.

ಶೇಂಗಾ ಸುಲಿಯುವ ಹೆಂಗಸರು ಎನ್ನುತ್ತಲೇ ಸುಂಕಣ್ಣ ಎದ್ದ. ಎದ್ದ ರಭಸಕ್ಕೆ ಎರ್ರಣ್ಣನ ಶಾಯಿ ದೌತಿ ಉರುಳಿತು, ಅವನು ತಿರುಗಿಯೂ ನೋಡಲಿಲ್ಲ. ಬಸ್‌ ಸ್ಟ್ಯಾಂಡಿನ ತನಕ ಓಡಿದ. ಐವತ್ತೆಂಟು ವರ್ಷದ ಮನುಷ್ಯ ಧೋತರ ಎತ್ತಿಕಟ್ಟಿ ಓಡುವುದನ್ನು ಕಂಡು ಜನ ಯಾರೋ ಸತ್ತಿರಬೇಕು ಎಂದುಕೊಂಡರು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ. ಹೋದ ತಿಂಗಳು ಶುರುವಾಗಿದ್ದರೆ ನಲವತ್ತೊಂದನೆಯ ಅಧ್ಯಾಯ ದಾಟಿದ್ದಾರೆಯೇ, ಇಲ್ಲವೇ? ದಾಟಿರದಿದ್ದರೆ ಏನಾದರೂ ನೆಪ ಹೇಳಿ ಓದು ನಿಲ್ಲಿಸಬೇಕು. ಕಾದಂಬರಿಯಲ್ಲಿ ಕೆಟ್ಟ ಮಾತುಗಳಿವೆ, ವಿಧವೆಯರು ಕೇಳಬಾರದು ಎಂದರಾಯಿತು. ದಾಟಿದ್ದರೆ? ಅಣ್ಣ ನುಂಗಿದ ಎಂದು ಆ ಟೀಚರಮ್ಮ ಅರ್ಥ ಹೇಳಿದ್ದರೆ? ಗಂಗಕ್ಕ ದಡ್ಡಿಯಲ್ಲ. ಅಪ್ಪ ತನಗೂ ಏನಾದರೂ ಬಿಟ್ಟಿದ್ದನೇ ಎಂದು ಒಂದು ಸಲ ಯೋಚಿಸಿದರೆ ಸಾಕು. ಆಮೇಲೆ ಓಣಿಯ ತುದಿಗೆ ಯಾರು ಬರುತ್ತಾರೆ, ಅಣ್ಣಾ ಎಂದು ಯಾರು ಕರೆಯುತ್ತಾರೆ? ಅದನ್ನು ನೆನೆದು ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ವಾಂತಿ ಮಾಡಿಕೊಂಡ.

ಕುರುಗೋಡಿಗೆ ಬರುವಾಗ ಹೊತ್ತು ಇಳಿಮುಖವಾಗಿತ್ತು. ಗಂಗಕ್ಕನ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಶೇಂಗಾದ ರಾಶಿಯ ಸುತ್ತ ಕೂತಿದ್ದರು. ನಡುವೆ ವಿರೂಪಮ್ಮ, ತೊಡೆಯ ಮೇಲೆ ಆ ಪುಸ್ತಕ. ಸಿಪ್ಪೆ ಒಡೆಯುವ ಚಟಚಟ ಸದ್ದು ಬೀದಿಗೂ ಕೇಳುತ್ತಿತ್ತು. ಅಣ್ಣನನ್ನು ಕಂಡು ಗಂಗಕ್ಕ ಮಡಿಲಿನ ಸಿಪ್ಪೆಯನ್ನು ಕೊಡವಿ ಓಡಿಬಂದಳು. ಹೇಳದೆ ಕೇಳದೆ ಬಂದೆಯಲ್ಲ, ಮೈ ಹುಷಾರಿದೆಯೇ, ಮುಖ ಯಾಕೆ ಹೀಗಾಗಿದೆ ಎಂದು ಕೈಹಿಡಿದು ಕೇಳಿದಳು. ಮೊದಲಿನ ಹಾಗೆಯೇ ಕೇಳಿದಳು. ಸುಂಕಣ್ಣನಿಗೆ ಅದೇ ಅನುಮಾನ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡುತ್ತಿದ್ದಾಳೆಯೇ?

ಓದು ಎಂದೋ ಮುಗಿದಿತ್ತು. ಸೋಮವಾರ ಪುಸ್ತಕ ಹಿಂದಿರುಗಿಸಬೇಕಾದ್ದರಿಂದ ಅಂದು ವಿರೂಪಮ್ಮ ಪ್ರತಿಯೊಬ್ಬರ ಅಭಿಪ್ರಾಯವನ್ನೂ ಕೇಳಿ ಹಿಂದಿನ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದಳು. ಓದಲು ಬಾರದವರ ಮಾತನ್ನೂ ಬರೆಯಬೇಕು, ಕೇಳಿದವರೂ ಓದಿದವರೇ ಎಂಬುದು ಅವಳ ನಿಲುವು. ಆರುನೂರು ಪುಟದಲ್ಲಿ ಒಬ್ಬ ಹೆಂಗಸೂ ಹೊಲದ ಕಡೆ ಹಾಯಲಿಲ್ಲ, ಅಷ್ಟು ಜನಕ್ಕೆ ಉಣ್ಣಲು ಹಾಕಿದವರು ಯಾರು ಎಂದು ಜೋಗಮ್ಮ ಬರೆಸಿದ್ದಳು. ಎಲ್ಲಮ್ಮ ಎಂಬವಳು, ಅಪ್ಪ ಕಿವಿಯಲ್ಲಿ ಹೇಳಿದ್ದು ನಿಮ್ಮವ್ವನ ಬಾಯಿ ಜೋರು, ತಡಕೋ ಅಂತ ಎಂದದ್ದಕ್ಕೆ ಎಲ್ಲರೂ ನಕ್ಕು ಶೇಂಗಾ ಚೆಲ್ಲಿದ್ದರು. ಒಬ್ಬಿಬ್ಬರು ಅಣ್ಣನೇ ಕಳ್ಳ ಎಂದಿದ್ದರು.

ಗಂಗಕ್ಕನದನ್ನು ಓದಿ ಹೇಳು ಎಂದು ಸುಂಕಣ್ಣ ಕೇಳಿದ. ವಿರೂಪಮ್ಮ ಬೆರಳಿಟ್ಟು ಓದಿದಳು: "ಅಣ್ಣ ಕೆಟ್ಟವನಲ್ಲ. ಅಪ್ಪ ಏನಾದರೂ ಕೊಟ್ಟಿದ್ದರೆ ತಂಗಿಗೆ ಹೇಳದೆ ಇರುತ್ತಿರಲಿಲ್ಲ. ದುಃಖದಲ್ಲಿ ಮಾತು ಹೊರಡಲಿಲ್ಲ, ಅಷ್ಟೇ. — ಗಂಗಕ್ಕ, ಹೇಳಿ ಬರೆಸಿದ್ದು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಉಸಿರು ಬಿಟ್ಟು, ನೀರು ಕುಡಿದು, ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದರು. ಬದುಕಿದೆಯಾ ಬಡಜೀವವೇ ಎನ್ನುತ್ತಿದ್ದರು. ಸುಂಕಣ್ಣ ಹೋಗಲಿಲ್ಲ. ಇದು ಅತಿಯಾಯಿತು ಎಂದು ಅವನಿಗೆ ಅನ್ನಿಸಿತು. ಇಡೀ ಜಿಲ್ಲೆ ಒಂದು ಮಾತು ಹೇಳುವಾಗ ಇವಳೊಬ್ಬಳು ಅಣ್ಣ ಒಳ್ಳೆಯವನು ಎಂದದ್ದೇಕೆ? 'ಅಪ್ಪ ಏನಾದರೂ ಕೊಟ್ಟಿದ್ದರೆ' ಎಂಬ ಮಾತು ಇವಳ ಬಾಯಿಗೆ ಬಂದದ್ದೆಲ್ಲಿಂದ? ಇದು ಅಭಿಪ್ರಾಯವಲ್ಲ, ಚುಚ್ಚುಮಾತು. ಯಾರೋ ಹೇಳಿಕೊಟ್ಟಿದ್ದಾರೆ, ತನ್ನ ಬಾಯಿಂದಲೇ ಹೊರಡಿಸಲು ಕಾಯುತ್ತಿದ್ದಾಳೆ ಎಂದು ಕುದಿಯತೊಡಗಿದ.

ಹೆಂಗಸರು ಸುಲಿದ ಕಾಳನ್ನು ಅಳೆದುಕೊಟ್ಟು ಒಬ್ಬೊಬ್ಬರಾಗಿ ಎದ್ದುಹೋದರು. ವಿರೂಪಮ್ಮ ಶಾಯಿ ಆರಲೆಂದು ಹಾಳೆಗಳನ್ನು ತೆರೆದಿಟ್ಟು, ಒಂದೆರಡು ಕಾಗುಣಿತ ತಿದ್ದುತ್ತಾ ಕೂತಳು. ಗಂಗಕ್ಕ ಅಣ್ಣನಿಗೆ ತಾಟು ಹಾಕಿದಳು. ಬಿಸಿ ಅನ್ನ, ಚಟ್ನಿಪುಡಿ, ಶೇಂಗಾ ಎಣ್ಣೆ. ನೀನೇ ಕಳಿಸಿದ ಅಕ್ಕಿ, ಈ ಸಲ ಬಲು ಬೆಳ್ಳಗಿದೆ ಎಂದು ಮುಂದೆ ಕೂತು ಗಾಳಿ ಹಾಕಿದಳು. ಸುಂಕಣ್ಣ ತುತ್ತು ಕಲಸಿದ, ಬಾಯಿಗಿಡಲಿಲ್ಲ. ಎರ್ರಣ್ಣ ಈ ಕಡೆ ಬಂದಿದ್ದನೇ ಎಂದು ಕೇಳಿದ. ಯಾವ ಎರ್ರಣ್ಣ ಎಂದಳು. ಅಯ್ಯಣ್ಣ ಮಾಸ್ತರ ಕಾಗದ ಬರೆದಿದ್ದನೇ ಎಂದ. ನನಗೆ ಯಾರು ಕಾಗದ ಬರೆಯುತ್ತಾರೆ, ಓದುವವರು ಯಾರು ಎಂದು ನಕ್ಕಳು. ಇಲ್ಲ, ಇಲ್ಲ, ಎಲ್ಲದಕ್ಕೂ ಇಲ್ಲ. ಆ 'ಇಲ್ಲ'ಗಳನ್ನು ಅವನು ಮೂವತ್ತೊಂದು ವರ್ಷ ಕೇಳಿದ್ದ.

"ಮತ್ತ ಪುಸ್ತಕದ ಅಣ್ಣ ಒಳ್ಳ್ಯಾಂವ ಅಂತ ಯಾಕ ಬರಸೀದಿ?" ಎಂದ.

"ನಮ್ಮಣ್ಣನ್ನ ನೋಡೀನಲ್ಲ, ಅದಕ್ಕ," ಎಂದಳು ಗಂಗಕ್ಕ.

ಅವಳು ಅದನ್ನು ಎದೆ ತುಂಬಿ ಹೇಳಿದ್ದಳು. ದೇವರ ಮುಂದೆ ನಿಂತವರು ಕೂಡ ಅಷ್ಟು ನಂಬಿ ಹೇಳುವುದಿಲ್ಲ. ಸುಂಕಣ್ಣನಿಗೆ ಮಾತ್ರ ಅದು ಕೆನ್ನೆಗೆ ಹೊಡೆದ ಹಾಗಾಯಿತು. ತಾಟನ್ನು ದೂರ ತಳ್ಳಿದ. ಅಷ್ಟು ದಿನ ಒಳಗೆ ಕೊಳೆತದ್ದೆಲ್ಲ ಒಂದೇ ಸಲ ಬಾಯಿಗೆ ಬಂತು.

"ಅಡ್ಡ ಮಾತು ಬ್ಯಾಡ ಗಂಗೀ. ಸೀಮೆಎಣ್ಣಿ ಕಾರ್ಡು ಅಂತ ಹೇಳಿ ಹೆಬ್ಬೆಟ್ಟು ಒತ್ತಿಸ್ಕೊಂಡ ಅಂತ ನಿನಗ ಯಾರೋ ಹೇಳ್ಯಾರ. ಒತ್ತಿಸ್ಕೊಂಡ್ರ ಏನಾತು? ಅಂವ ಎಲ್ಲಾ ತಾನೇ ತಿಂದಾನೇನು? ವರ್ಷಾ ಎರಡು ಚೀಲ ಅಕ್ಕಿ ಕಳಿಸಿಲ್ಲೇನು ತಂಗಿಗೆ?"

ವಿರೂಪಮ್ಮನ ಪೆನ್ನು ನಿಂತಿತು. ಗಂಗಕ್ಕ ಬೀಸಣಿಗೆಯನ್ನು ಹಾಗೇ ಹಿಡಿದು ಅಣ್ಣನ ಮುಖ ನೋಡಿದಳು. ಮೊದಲು ಅವಳಿಗೆ ತಿಳಿಯಲಿಲ್ಲ. ಕತೆಯಲ್ಲಿ ತಾನು ಕೇಳದೆ ಬಿಟ್ಟ ಭಾಗ ಯಾವುದಾದರೂ ಇದೆಯೇ ಎಂದು ಹುಡುಕುವವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಪುಸ್ತಕದಾಗ ಹೆಬ್ಬೆಟ್ಟಿನ ಮಾತು ಬರಂಗಿಲ್ಲಲ್ಲ," ಎಂದಳು ನಿಧಾನವಾಗಿ. "ಅಕ್ಕಿ ಮಾತೂ ಬರಂಗಿಲ್ಲ. ಅವ್ರು ರಾಗಿ ಉಣ್ಣೋ ಮಂದಿ."

ಸುಂಕಣ್ಣ ಬಾಯಿ ತೆರೆದ. ಅದು ಬೇರೆ, ನಾನು ಹೇಳಿದ್ದು ಬೇರೆ ಯಾರದೋ ಸಂಗತಿ ಎನ್ನಬೇಕೆಂದಿದ್ದ. ಅಷ್ಟರಲ್ಲಿ ಗಂಗಕ್ಕನ ಕಣ್ಣು ತಾಟಿನ ಅನ್ನದ ಮೇಲೆ ಹೋಯಿತು, ಅಲ್ಲೇ ನಿಂತಿತು. ಏಳು ವರ್ಷ ಓಣಿಯವರಿಗೆಲ್ಲ ಹೇಳಿಕೊಂಡು ಬಂದ ಮಾತುಗಳು ಒಂದೊಂದಾಗಿ ನೆನಪಾಗಿ ಅವಳ ಮುಖ ನಾಚಿಕೆಯಿಂದ ಕೆಂಪಾಯಿತು. ತಪ್ಪು ಮಾಡಿದವನು ಎದುರಿಗಿದ್ದ, ನಾಚಿಕೆ ಅವಳದಾಗಿತ್ತು. ಆಮೇಲೆ ಬೀಸಣಿಗೆಯನ್ನು ಕೆಳಗಿಟ್ಟು, ಸೆರಗನ್ನು ಸರಿಮಾಡಿಕೊಂಡು, ವಿರೂಪಮ್ಮನ ಕಡೆ ತಿರುಗಿದಳು.

"ಟೀಚರಮ್ಮಾ, ನಂದು ಹೊಡದು ಹಾಕ್ರಿ. ಅಪ್ಪ ಕೊಟ್ಟಿದ್ದ ಅಂತ ಬರೀರಿ."

"ಏನು ಕೊಟ್ಟಿದ್ದ ಅಂತ ಬರೀಲಿ, ಗಂಗಕ್ಕಾ?" ಎಂದು ವಿರೂಪಮ್ಮ ಮೆಲ್ಲಗೆ ಕೇಳಿದಳು.

"ನನಗೇನು ಗೊತ್ತೈತ್ರಿ," ಎಂದಳು ಗಂಗಕ್ಕ. "ಅಮೀನ್ರು ಇಲ್ಲೇ ಕುಂತಾರಲ್ಲ. ಅವ್ರನ್ನ ಕೇಳಿ ಬರಕೊಳ್ರಿ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿರೂಪಮ್ಮ ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಪೆನ್ನನ್ನು ಶಾಯಿಯಲ್ಲಿ ಅದ್ದಿ, ಸುಂಕಣ್ಣನ ಮುಖ ನೋಡುತ್ತಾ ಕೂತಳು.